ವಿಲ್ಫ್‌ನ ಕೆಂಪು ಟೋಪಿಯ ಗಾಬ್ಲಿನ್‌ಗಳು

"ನಲ್ಲಿ ನೀರಿಗೆ ಹಿಡಿದ್ಯಾ? ಸೀದಾ ನಲ್ಲಿ ನೀರಿಗೆ?"

"ಇನ್ಯಾವುದಕ್ಕೆ ಹಿಡೀಬೇಕಿತ್ತು, ಹೆಡ್ಲಿ? ಬಿಯರಿಗಾ?"

"ತಲೆ ಇರೋರು ಮಾಡೋ ಕೆಲಸನಾ ಇದು! ನಲವತ್ತು ವರ್ಷದ ಸೀಸದ ಬೊಂಬೆ ಕಣೇ ಇವು. ಈಗ ನೋಡು, ಡಾಂಬರಿನ ಡ್ರಮ್ಮಿಗೆ ಬಿದ್ದ ಹೆಗ್ಗಣಗಳ ಹಾಗಾಗಿವೆ."

"ಕೂಗಬೇಡ. ನಾನೇನು ಕಿವುಡಿಯಲ್ಲ. ದಿನಾ ಕಿವುಡರ ತಲೆ ಬಾಚ್ತೀನಿ, ಅಷ್ಟೇ."

ಬೆರಿಲ್ ತಾನು ತಂದಿದ್ದ ಪ್ಲಾಸ್ಟಿಕ್ ಬೋಗುಣಿಯನ್ನು ಹೆಡ್ಲಿ ಟ್ರಸ್ವೆಲ್‌ನ ಅಡಿಗೆಮನೆಯ ಮೇಜಿನ ಮೇಲೆ ಕುಕ್ಕಿದಳು. ಅದರೊಳಗೆ ಅರವತ್ತೆರಡು ಗಾಬ್ಲಿನ್‌ಗಳಿದ್ದವು. ಉದ್ದ ಮೂಗು, ಮೊನಚು ಕಿವಿ, ಕೈಯಲ್ಲಿ ಈಟಿ, ಗುರಾಣಿ, ಮುಖದಲ್ಲಿ ಕಳ್ಳನಗೆ ಇರುವ ಹಸಿರು ಕುಳ್ಳರು. ಒಂದೊಂದೂ ಹೆಬ್ಬೆರಳಿನ ಅರ್ಧದಷ್ಟು ಎತ್ತರ. ಮೇಜಿನ ಮೇಲೆ ಹುಲ್ಲು ಬಣ್ಣದ ಬಟ್ಟೆ ಹಾಸಿ, ಇಂಥ ಸೈನ್ಯಗಳನ್ನು ಎದುರುಬದುರು ನಿಲ್ಲಿಸಿ, ಅಳತೆಪಟ್ಟಿ ಹಿಡಿದು ಮುಂದಕ್ಕೆ ಸರಿಸಿ, ದಾಳ ಉರುಳಿಸಿ ಕಾದಾಡುವುದು ಇಂಗ್ಲೆಂಡಿನ ಹಕ್ನಾಲ್ ಊರಿನ ಒಂಬತ್ತು ಜನ ಗಂಡಸರಿಗೆ ಭಾನುವಾರದ ಚರ್ಚಿಗಿಂತ ದೊಡ್ಡದು. ಆದರೆ ಬೋಗುಣಿಯಲ್ಲಿದ್ದವು ಯಾವ ಯುದ್ಧಕ್ಕೂ ಹೋಗುವ ಸ್ಥಿತಿಯಲ್ಲಿರಲಿಲ್ಲ. ಕಪ್ಪು ಅಂಟು ಮೆತ್ತಿಕೊಂಡು, ಒಂದಕ್ಕೊಂದು ಹತ್ತಿಕೊಂಡು, ಮುದ್ದೆಯಾಗಿ ಕೂತಿದ್ದವು.

ಹಳೆಯ ಬಣ್ಣ ಕೀಳುವುದಕ್ಕೆ ಈ ಜನ ಗಾಯ ತೊಳೆಯುವ ಕಂದು ಔಷಧಿಯಲ್ಲಿ ಬೊಂಬೆಗಳನ್ನು ಎರಡು ದಿನ ನೆನೆಸುತ್ತಾರೆ. ಬಣ್ಣ ಸಿಪ್ಪೆಯಂತೆ ಬಿಟ್ಟುಕೊಳ್ಳುತ್ತದೆ. ಅದನ್ನು ಅದೇ ಔಷಧಿಯಲ್ಲಿ ತಿಕ್ಕಿ ತೆಗೆದು, ಒರೆಸಿ, ಆಮೇಲೆ ನೀರು ಮುಟ್ಟಿಸಬೇಕು. ಮೊದಲೇ ನೀರು ಸೋಕಿತೋ, ಕರಗಿದ ಬಣ್ಣವೆಲ್ಲ ಡಾಂಬರಿನಂತೆ ಗಟ್ಟಿ ಹಿಡಿಯುತ್ತದೆ. ಈ ಆಟದವರೆಲ್ಲ ಜೀವನದಲ್ಲಿ ಒಂದು ಸಲ ಮಾಡುವ ತಪ್ಪು ಇದು. ಎರಡನೆಯ ಸಲ ಯಾರೂ ಮಾಡುವುದಿಲ್ಲ.

"ಔಷಧೀಲಿ ನೆನೆಸು ಅಂತ ನಿಮ್ಮ ಕ್ಲಬ್ಬಿನ ನಾರ್ಮನ್ ಹೇಳಿದ್ದ," ಅಂದಳು ಬೆರಿಲ್.

"ಅವನು ಯಾವತ್ತೂ ಅರ್ಧ ಹೇಳೋನು. ನನ್ನ ಕೇಳ್ಬೇಕಿತ್ತು."

"ನಿನ್ನನ್ನಾ? ಎಂಟು ತಿಂಗಳು ಇವುಗಳ ಡಬ್ಬಿ ನಿನ್ನ ಹತ್ರ ಇತ್ತಲ್ಲಪ್ಪ! ಪ್ರತಿ ಸಲ ಫೋನ್ ಮಾಡಿದಾಗಲೂ 'ಆಗ್ತಾ ಇದೆ, ಆಗ್ತಾ ಇದೆ.' ಹೋದ ವಾರ ಬಂದು ನೋಡಿದ್ರೆ ನಾನು ಹಾಕಿದ ರಬ್ಬರ್ ಬ್ಯಾಂಡ್ ಕೂಡ ಬಿಚ್ಚಿಲ್ಲ. ಅದಕ್ಕೇ ನಾನೇ ತಗೊಂಡು ಹೋದೆ. ಏನು ಮಾಡ್ತಾ ಇದ್ದೆ? ಕಾವಿಗೆ ಕೂರಿಸಿದ್ಯಾ?"

ಹೆಡ್ಲಿ ಚಹಾದ ಕೆಟಲ್ ಹಚ್ಚುವ ನೆಪದಲ್ಲಿ ಬೆನ್ನು ತಿರುಗಿಸಿದ.

ಬೆರಿಲ್ ವಿಲ್ಫ್‌ನ ಅಕ್ಕ. ವಿಲ್ಫ್ ಹೆಡ್ಲಿಯ ಗೆಳೆಯ. ಮೂಗು ಸೋರುವ ವಯಸ್ಸಿನಿಂದ ಗೆಳೆಯ. ಇಬ್ಬರೂ ಮೂವತ್ತೆಂಟು ವರ್ಷ ಪ್ರತಿ ಚಳಿಗಾಲ ಒಂದೇ ಯುದ್ಧ ಆಡಿದ್ದರು: ಹೆಡ್ಲಿಯ ಕುದುರೆ ಸವಾರರು, ವಿಲ್ಫ್‌ನ ಗಾಬ್ಲಿನ್‌ಗಳು. ಮೂವತ್ತೆಂಟರಲ್ಲಿ ಮೂವತ್ತಾರು ಸಲ ವಿಲ್ಫ್ ಸೋತ. ಫೆಬ್ರವರಿಯಲ್ಲಿ, ಸಾಯುವ ಮುನ್ನ, ನಾಟಿಂಗ್‌ಹ್ಯಾಮಿನ ಆಸ್ಪತ್ರೆಯಲ್ಲಿ ಮಲಗಿ, ಏದುಸಿರಿನ ನಡುವೆ ಒಂದೇ ಮಾತು ಕೇಳಿದ. "ನನ್ನ ಹುಡುಗರು ಸೋಲಲಿ ಬಿಡು, ಅದು ಅವರ ಹಣೆಬರಹ. ಬಣ್ಣ ಉದುರಿಸಿಕೊಂಡು ನಿಲ್ಲೋದು ಬೇಡ ಕಣೋ." ಹೆಡ್ಲಿ ಆಗಲಿ ಅಂದಿದ್ದ. ಕೈ ಹಿಡಿದುಕೊಂಡೇ ಅಂದಿದ್ದ.

ಅವರ ಕ್ಲಬ್ಬಿನಲ್ಲೊಂದು ಪದ್ಧತಿಯಿದೆ. ಸದಸ್ಯ ಸತ್ತರೆ, ಆ ವರ್ಷ ನವೆಂಬರಿನ ಕೊನೆಯ ಭಾನುವಾರ ಅವನ ಸೈನ್ಯ ಒಂದು ಕೊನೆಯ ಯುದ್ಧ ಮಾಡುತ್ತದೆ. ಮನೆಯವರೊಬ್ಬರು ಅದನ್ನು ನಡೆಸುತ್ತಾರೆ. ಯುದ್ಧ ಮುಗಿದ ಮೇಲೆ ಪ್ರತಿ ಸದಸ್ಯನೂ ಅದರಿಂದ ಒಂದೊಂದು ಬೊಂಬೆ ತೆಗೆದುಕೊಂಡು ತನ್ನ ಸೈನ್ಯಕ್ಕೆ ಸೇರಿಸಿಕೊಳ್ಳುತ್ತಾನೆ. ಉಳಿದವು ಅವನ ಹೆಸರಿನಲ್ಲಿ ಕಪಾಟು ಸೇರುತ್ತವೆ. ಹಾಗೆ ಸತ್ತವನು ಮುಂದೆಯೂ ಎಲ್ಲರ ಜೊತೆ ಮೇಜಿನ ಮೇಲೆ ನಿಂತಿರುತ್ತಾನೆ. ಆದರೆ ಬಣ್ಣವಿಲ್ಲದ ಸೈನ್ಯಕ್ಕೆ ಅಲ್ಲಿ ಜಾಗವಿಲ್ಲ. ಆ ದಿನಕ್ಕೆ ಸಿದ್ಧವಾಗದ ಸೀಸ ಎರಕದವನ ಮೂಸೆಗೆ ಹೋಗಿ, ಕರಗಿ, ಬೇರೆ ಯಾರದೋ ಬೊಂಬೆಯಾಗುತ್ತದೆ. ನಿಯಮ ಬರೆದವರಲ್ಲಿ ಹೆಡ್ಲಿಯೂ ಒಬ್ಬ.

ಇವತ್ತು ಶನಿವಾರ. ಆ ಭಾನುವಾರಕ್ಕೆ ಎಂಟೇ ದಿನ.

"ಆಗುತ್ತಾ, ಆಗಲ್ವಾ? ಅಷ್ಟು ಹೇಳು," ಅಂದಳು ಬೆರಿಲ್. "ಆಗಲ್ಲ ಅಂದ್ರೆ ನಾನೇ ಮಾಡ್ತೀನಿ. ಸತ್ತವರ ಮುಖಕ್ಕೇ ಬಣ್ಣ ಹಚ್ಚಿದೀನಿ, ಈ ಇಲಿಮರಿಗಳಿಗೆ ಹೆದರ್ತೀನಾ?"

ಅದು ಬಡಾಯಿಯಲ್ಲ. ಬೆರಿಲ್ ಚಕ್ರದ ಪೆಟ್ಟಿಗೆ ಎಳೆದುಕೊಂಡು ವೃದ್ಧಾಶ್ರಮದಿಂದ ವೃದ್ಧಾಶ್ರಮಕ್ಕೆ ಹೋಗಿ ಮುದುಕಿಯರ ತಲೆಗೂದಲು ಕತ್ತರಿಸುತ್ತಿದ್ದಳು, ಬಣ್ಣ ಹಾಕುತ್ತಿದ್ದಳು, ಉಗುರು ತಿದ್ದುತ್ತಿದ್ದಳು. ಅವರು ತೀರಿಕೊಂಡಾಗ ಶವಸಂಸ್ಕಾರದವರು ಅವಳನ್ನೇ ಕರೆಯುತ್ತಿದ್ದರು. ವಿಲ್ಫ್‌ನ ಮುಖಕ್ಕೂ ಅವಳೇ ಕಳೆ ಕೊಟ್ಟಿದ್ದಳು. ಶವಪೆಟ್ಟಿಗೆಯಲ್ಲಿ ಅವನನ್ನು ನೋಡಿ ಹೆಡ್ಲಿ, ಇವನು ಬದುಕಿದ್ದಾಗ ಇಷ್ಟು ಚೆನ್ನಾಗಿ ತಲೆ ಬಾಚಿದ್ದೇ ಇಲ್ಲವಲ್ಲ ಅಂದುಕೊಂಡಿದ್ದ.

"ಕೈಗವಸು ಇದೆಯಾ?" ಅಂದ ಹೆಡ್ಲಿ ಕೊನೆಗೆ.

"ಒಂದು ಡಬ್ಬಿ ಇದೆ."

"ಹಲ್ಲುಜ್ಜೋ ಬ್ರಷ್ಷು?"

"ಆಶ್ರಮದ್ದು, ಹೊಸವು, ಇಪ್ಪತ್ತು."

"ಹಾಗಾದ್ರೆ ಕೂತ್ಕೋ. ಬಾಯಿ ಮುಚ್ಕೊಂಡು ತಿಕ್ಕು."

"ಬಾಯಿ ತೆಗೆದೇ ತಿಕ್ತೀನಿ. ಮತ್ತೆ ಒಂದು ಮಾತು ಕೇಳು, ಇದೆಲ್ಲ ವಿಲ್ಫ್‌ಗೋಸ್ಕರ. ಒಂದು ಸಲ. ಆ ಭಾನುವಾರ ಆದ್ಮೇಲೆ ನಿಮ್ಮ ಆ ಬೆವರುನಾತದ ಕೋಣೆಗೆ ನಾನು ಕಾಲಿಡಲ್ಲ. ಮೊದಲಿಂದಲೂ ಈ ಆಟ ಕಂಡ್ರೆ ನನಗೆ ಆಗಲ್ಲ."

ಕಿಟಕಿಗಳನ್ನೆಲ್ಲ ತೆರೆದು ಇಬ್ಬರೂ ಕೂತರು. ಔಷಧಿಯ ಘಾಟು ಬೀದಿಯವರೆಗೆ ಹೊಡೆಯುತ್ತಿತ್ತು. ಗಾಬ್ಲಿನ್‌ಗಳನ್ನು ಮತ್ತೆ ಅದೇ ಔಷಧಿಗೆ ಹಾಕಿ, ಒಂದೊಂದನ್ನೇ ಎತ್ತಿ, ಕಂಕುಳು, ಕಾಲಸಂದಿ, ಕಿವಿಯ ಹಿಂದೆ ತಿಕ್ಕಬೇಕು. ಔಷಧಿ ಕೆಟ್ಟಾಗ ಬದಲಿಸಬೇಕು. ಮತ್ತೆ ತಿಕ್ಕಬೇಕು. ಒಂದು ಗಂಟೆಯಲ್ಲಿ ಐದು ಆದವು. ಆರನೆಯದರ ಕುತ್ತಿಗೆಗೆ ಒಂದು ಬಿಳಿ ಕೂದಲು ಸುತ್ತಿಕೊಂಡಿತ್ತು.

"ಇದು ಯಾರದು?"

ಬೆರಿಲ್ ಕನ್ನಡಕ ಏರಿಸಿ ನೋಡಿದಳು. "ಶ್ರೀಮತಿ ಗೆಂಟ್ ಅವರದು. ಗುರುವಾರ ಕತ್ತರಿಸಿದ್ದೆ. ನನ್ನ ತೋಳಿಂದ ಬಿದ್ದಿರಬೇಕು. ಪಾಪ, ತೊಂಬತ್ನಾಲ್ಕು ವರ್ಷ ಆಕೆಗೆ. ಯುದ್ಧಕ್ಕೆ ಹೊರಟಿದ್ದಾಳೆ."

ಹೆಡ್ಲಿಗೆ ನಗು ಬಂತು. ಸಿಟ್ಟು ಇನ್ನೂ ಇಳಿದಿರಲಿಲ್ಲವಾದ್ದರಿಂದ ಕೆಮ್ಮಿದ.

ಏಳನೆಯದನ್ನು ಬೆರಿಲ್ ತಿಕ್ಕುತ್ತಿದ್ದಳು. ಕರಿ ಅಂಟು ಹೋಯಿತು, ಅದರಡಿಯ ಹಸಿರು ಹೋಯಿತು, ಬೂದು ಸೀಸ ಬಂತು. ಟೋಪಿ ಮಾತ್ರ ಹೋಗಲಿಲ್ಲ. ಎಷ್ಟು ತಿಕ್ಕಿದರೂ ಆ ಮೊನಚು ಟೋಪಿ ಕೆಂಪಗೆ ಹೊಳೆಯುತ್ತಲೇ ಇತ್ತು. ಅವಳು ಇನ್ನೊಂದನ್ನು ತಿಕ್ಕಿದಳು. ಅದರ ಟೋಪಿಯೂ ಹಾಗೆಯೇ. ಮೊದಲಿನ ಐದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಕರಿ ಮೆತ್ತಿದ್ದ ಟೋಪಿಗಳನ್ನು ಬೆರಳಿಂದ ಉಜ್ಜಿದಳು. ಕೆಂಪು, ಎಲ್ಲವೂ ಕೆಂಪು.

"ಇದು ಬಣ್ಣ ಅಲ್ಲ," ಅಂದಳು ನಿಧಾನವಾಗಿ. "ಇದು ಉಗುರುಬಣ್ಣ."

ಹೆಡ್ಲಿ ಕೈಯಲ್ಲಿದ್ದ ಬ್ರಷ್ಷನ್ನು ಕೆಳಗಿಟ್ಟ.

"ಇದು ನನ್ನ ಉಗುರುಬಣ್ಣ ಹೆಡ್ಲಿ. ಮದುವೆಗೆ ಅಂತ ತಂದಿಟ್ಟಿದ್ದೆ. ಮೂರು ಅಂಗಡಿ ಸುತ್ತಿ ತಂದದ್ದು. ಮದುವೆ ಹಿಂದಿನ ದಿನ ನೋಡ್ತೀನಿ, ಬಾಟಲಿ ಖಾಲಿ. ಅಮ್ಮನ ಎದುರಿಗೇ ವಿಲ್ಫ್ ಕಪಾಳಕ್ಕೆ ಬಿಟ್ಟೆ. ತಗೊಂಡಿಲ್ಲ ಅಂತ ಬೈಬಲ್ ಮೇಲೆ ಕೈಯಿಟ್ಟ ಕತ್ತೆ. ನಾನು ಬರೀ ಉಗುರಲ್ಲಿ ಚರ್ಚಿಗೆ ಹೋದೆ."

"ಕೆಂಪು ಬಣ್ಣ ಎಲ್ಲೂ ಸಿಗ್ತಿರ್ಲಿಲ್ಲ ಆಗ," ಅಂದ ಹೆಡ್ಲಿ. ಅವನ ಕಿವಿಗಳು ಟೋಪಿಗಳಷ್ಟೇ ಕೆಂಪಾಗಿದ್ದವು. "ಸಿಕ್ಕಿದ್ದು ಮಣ್ಣಿನ ಹಾಗಿತ್ತು. ಹೊಳೀಬೇಕು ಅಂತ ವಿಲ್ಫ್‌ಗೆ ಹಟ. ನೀನು ಸ್ನಾನಕ್ಕೆ ಹೋದಾಗ ಅವನು ಒಳಗೆ ಹೋದ. ನಾನು... ನಾನು ಮೆಟ್ಟಿಲ ಹತ್ರ ಕಾವಲು ನಿಂತಿದ್ದೆ."

"ಏನು?"

"ನನ್ನ ಹೆಸರು ಹೇಳಿದ್ರೆ ನಮ್ಮಪ್ಪ ಚರ್ಮ ಸುಲೀತಿದ್ದ. ಅವನು ಹೇಳ್ಲಿಲ್ಲ. ಏಟು ಒಬ್ಬನೇ ತಿಂದ."

ಬೆರಿಲ್‌ಳ ಕೈಗವಸಿನಿಂದ ಔಷಧಿ ತೊಟ್ಟಿಕ್ಕುತ್ತಿತ್ತು. ಬೈಗುಳ ಬರುತ್ತದೆಂದು ಹೆಡ್ಲಿ ತಲೆ ತಗ್ಗಿಸಿದ. ಬಂದದ್ದು ನಗು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈ ಎತ್ತಿದಳು.

"ಕಣ್ಣಿಗೆ ಮುಟ್ಟಿಸಬೇಡ! ಔಷಧಿ!" ಎಂದು ಹೆಡ್ಲಿ ಕೂಗಿ, ಅವಳ ಮಣಿಕಟ್ಟು ಹಿಡಿದು, ಪಾತ್ರೆ ಒರೆಸುವ ಬಟ್ಟೆಯಿಂದ ತಾನೇ ಅವಳ ಮುಖ ಒರೆಸಿದ.

"ನಲವತ್ತು ವರ್ಷ," ಅಂದಳು ಅವಳು. "ಮದುವೆ ಹನ್ನೊಂದು ವರ್ಷಕ್ಕೆ ಮುರೀತು. ಉಗುರುಬಣ್ಣ ಇನ್ನೂ ಹಾಗೇ ಇದೆ. ಒಳ್ಳೇ ಅಂಗಡಿ ಅದು."

ಅದಾದ ಮೇಲೆ ಕೆಲಸ ಬೇಗ ಸಾಗಿತು. ಶನಿವಾರ, ಭಾನುವಾರ ಎರಡೂ ದಿನ ತಿಕ್ಕಿದರು. ನಡುವೆ ಪುದೀನದ ಹುಳಿ ಹಾಕಿದ ಬಟಾಣಿ, ಚಿಪ್ಸ್ ತುಂಬಿದ ಬ್ರೆಡ್ಡು, ಲೆಕ್ಕವಿಲ್ಲದಷ್ಟು ಚಹಾ. ಭಾನುವಾರ ಸಂಜೆಗೆ ಅರವತ್ತೊಂದು ಗಾಬ್ಲಿನ್‌ಗಳು ಬೂದುಮೈ, ಕೆಂಪುಟೋಪಿಯಲ್ಲಿ ಸಾಲಾಗಿ ನಿಂತವು. ಶ್ರೀಮತಿ ಗೆಂಟ್‌ರ ಕೂದಲು ಸುತ್ತಿಕೊಂಡವನೊಬ್ಬ ಮಾತ್ರ ಏನು ಮಾಡಿದರೂ ಪೂರ್ತಿ ಬಿಡಿಸಿಕೊಳ್ಳಲಿಲ್ಲ. ಅವನ ಕುತ್ತಿಗೆಯ ಸುತ್ತ ಕಪ್ಪು ಅಂಟಿನ ಪಟ್ಟಿಯೊಂದು ಉಳಿಯಿತು.

ಬುಧವಾರ ಬೆರಿಲ್‌ಗೆ ಅರ್ಧ ದಿನ ರಜೆ. ಮಧ್ಯಾಹ್ನ ಬಂದಾಗ ಹೆಡ್ಲಿ ಬಿಳಿ ಪ್ರೈಮರಿನ ಸ್ಪ್ರೇ ಡಬ್ಬಿ ಅಲ್ಲಾಡಿಸುತ್ತ ನಿಂತಿದ್ದ.

"ಅದನ್ನ ಇವುಗಳ ಮೇಲೆ ಹೊಡೀತೀಯಾ?"

"ಪ್ರೈಮರ್ ಇಲ್ದೆ ಬಣ್ಣ ನಿಲ್ಲಲ್ಲ. ಮೊದಲು ಬಿಳಿ, ಆಮೇಲೆ ಮೂಲಬಣ್ಣ, ಆಮೇಲೆ ನೆರಳು, ಆಮೇಲೆ ಅಂಚು, ಕೊನೆಗೆ ಕಣ್ಣು. ನಲವತ್ತು ವರ್ಷದಿಂದ ಹೀಗೇ."

"ಟೋಪಿ?"

"ಟೋಪಿ ಮೇಲೂ ಹೋಗುತ್ತೆ. ಆಮೇಲೆ ಹೊಸ ಕೆಂಪು ಹಚ್ಚಿದ್ರಾಯ್ತು. ಈಗ ಒಳ್ಳೆ ಕೆಂಪು ಸಿಗುತ್ತೆ."

"ಆ ಡಬ್ಬಿ ಕೆಳಗಿಡು, ಹೆಡ್ಲಿ. ಇಲ್ಲಾಂದ್ರೆ ಇವತ್ತು ನಿನ್ನ ಕಪಾಳಕ್ಕೂ ಬೀಳುತ್ತೆ, ನಲವತ್ತು ವರ್ಷದಿಂದ ಬಾಕಿ ಇರೋದು."

ಕೂಗಾಟ ಮತ್ತೆ ಶುರುವಾಯಿತು. ನಿನಗೇನು ಗೊತ್ತು ಅಂದ ಅವನು. ನಿನಗೆ ಗೊತ್ತಿದ್ದರೆ ಎಂಟು ತಿಂಗಳು ಯಾಕೆ ಸುಮ್ಮನಿದ್ದೆ ಅಂದಳು ಅವಳು. ಮಾಡಿ ತೋರಿಸ್ತೀನಿ ನೋಡು ಎಂದು ಹೆಡ್ಲಿ ಒಂದು ಗಾಬ್ಲಿನ್ ಕೈಗೆತ್ತಿಕೊಂಡು, ತನ್ನ ಅತಿ ಸಣ್ಣ ಬ್ರಷ್ಷನ್ನು ಹಸಿರಿಗೆ ಅದ್ದಲು ಹೋದ. ಬ್ರಷ್ಷಿನ ಲೋಹದ ಕುತ್ತಿಗೆ ಬಣ್ಣದ ಬಟ್ಟಲಿನ ಅಂಚಿಗೆ ಬಡಿದು ಟಕಟಕ, ಟಕಟಕ ಎಂದು ಸದ್ದು ಮಾಡಿತು. ಅವನು ಉಸಿರು ಬಿಗಿಹಿಡಿದ. ಸದ್ದು ನಿಲ್ಲಲಿಲ್ಲ.

ಬೆರಿಲ್‌ಗೆ ಆ ಸದ್ದು ಗೊತ್ತಿತ್ತು. ದಿನವೂ ಅವಳು ಕೇಳುವ ಸದ್ದು. ವೃದ್ಧಾಶ್ರಮದಲ್ಲಿ ಚಹಾದ ಕಪ್ಪು ಸಾಸರಿಗೆ ಹಾಗೇ ಬಡಿಯುತ್ತದೆ.

"ಎಷ್ಟು ದಿನದಿಂದ?" ಅಂದಳು ಮೆತ್ತಗೆ.

ಹೆಡ್ಲಿ ಬ್ರಷ್ಷು ಕೆಳಗಿಟ್ಟು ಎರಡೂ ಕೈಗಳನ್ನು ತೊಡೆಯ ನಡುವೆ ಸಿಕ್ಕಿಸಿಕೊಂಡ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಎಂಜಿನ್ ಬಿಚ್ಚಿ ಕಟ್ಟಿದ ಕೈಗಳು. ಗೋಧಿಕಾಳಿನಷ್ಟಿರುವ ಮುಖದಲ್ಲಿ ಎರಡು ಕಣ್ಣು, ಎರಡು ಕಣ್ಣಲ್ಲಿ ಎರಡು ಚುಕ್ಕಿ ಬರೆದು ಪ್ರದರ್ಶನಗಳಲ್ಲಿ ಬಹುಮಾನ ಗೆದ್ದ ಕೈಗಳು.

"ಎರಡು ವರ್ಷ," ಅಂದ. "ಡಾಕ್ಟರು ಅಂಥದ್ದೇನಲ್ಲ ಅಂತಾರೆ. ಸಾಯೋ ಕಾಯಿಲೆ ಅಲ್ವಂತೆ. ಕ್ಲಬ್ಬಲ್ಲಿ ಯಾರಿಗೂ ಗೊತ್ತಿಲ್ಲ. ವಿಲ್ಫ್‌ಗೂ ಹೇಳಿರ್ಲಿಲ್ಲ. ಅವನು ಕೇಳ್ದಾಗ ಹೇಗೆ ಆಗಲ್ಲ ಅನ್ಲಿ, ಬೆರಿಲ್? ನನ್ನ ಕೈ ಹಿಡ್ಕೊಂಡಿದ್ದ. ನಡುಗ್ತಾ ಇದ್ದದ್ದು ತನ್ನ ಕೈ ಅಂದ್ಕೊಂಡಿರ್ಬೇಕು. ಪ್ರತಿ ತಿಂಗಳೂ ಡಬ್ಬಿ ಕೆಳಗಿಳಿಸಿ, ಮುಂದೆ ಇಟ್ಕೊಂಡು ಕೂತು, ಮತ್ತೆ ಮೇಲಿಡ್ತಿದ್ದೆ."

ಬೆರಿಲ್ ಪಾಪ ಅನ್ನಲಿಲ್ಲ. ಅನ್ನುತ್ತಾಳೆಂದು ಅವನು ಹಲ್ಲು ಕಚ್ಚಿ ಕಾದಿದ್ದ. ಅವಳು ಚಕ್ರದ ಪೆಟ್ಟಿಗೆಯನ್ನು ಎಳೆದುಕೊಂಡು ಬಂದು ಮುಚ್ಚಳ ತೆರೆದಳು.

"ನೋಡಪ್ಪ. ತಲೆಗೂದಲಿಗೆ ಬಣ್ಣ ಹಚ್ಚೋವಾಗ ನಾನು ಮೊದಲು ಏನು ಮಾಡ್ತೀನಿ ಗೊತ್ತಾ? ಹಣೆಗೆ, ಕಿವಿಗೆ ವ್ಯಾಸಲೀನ್ ಹಚ್ತೀನಿ. ಬಣ್ಣ ಬಿದ್ರೂ ಚರ್ಮಕ್ಕೆ ಹಿಡಿಯಲ್ಲ. ಕೊನೇಲಿ ಒರೆಸಿದ್ರೆ ಎಲ್ಲ ಬಂದ್ಬಿಡುತ್ತೆ. ಇವರ ಟೋಪಿಗೂ ಅದನ್ನೇ ಮಾಡೋಣ."

"ಬೊಂಬೆಗೆ ಯಾರೂ ಹಾಗೆ ಮಾಡಲ್ಲ."

"ಮಾಡಲ್ಲ ಅಲ್ವಾ? ಹಾಗಾದ್ರೆ ತಪ್ಪು ಅಂತ ಹೇಳೋಕೂ ಯಾರೂ ಇಲ್ಲ."

ಅವಳು ಅರವತ್ತೆರಡು ಟೋಪಿಗಳಿಗೂ ಕಿರುಬೆರಳಿನಿಂದ ವ್ಯಾಸಲೀನ್ ಸವರಿದಳು. ಆಮೇಲೆ ಗಾಬ್ಲಿನ್‌ಗಳ ಮೇಲೆ ತಲೆಗೂದಲಿಗೆ ಹೊಡೆಯುವ ಸ್ಪ್ರೇ ಹೊಡೆದಳು; ಬಣ್ಣ ಕಚ್ಚಿಕೊಳ್ಳಲು ಅಷ್ಟು ಅಂಟು ಸಾಕು ಅಂದಳು. ಮುಖಕ್ಕೆ ಪೌಡರ್ ಒತ್ತುವ ಸ್ಪಂಜನ್ನು ಕತ್ತರಿಯಲ್ಲಿ ತುಂಡು ಮಾಡಿ, ಹೆಡ್ಲಿಯ ಹಸಿರಿನಲ್ಲಿ ಅದ್ದಿ, ಪೇಪರಿಗೆ ಒತ್ತಿ ಒಣಗಿಸಿ, ಅವನ ಕೈಗೆ ಕೊಟ್ಟಳು.

"ಬರೀಬೇಡ. ತಟ್ಟು. ಮಗು ಬೆನ್ನು ತಟ್ಟೋ ಹಾಗೆ."

ಹೆಡ್ಲಿ ತಟ್ಟಿದ. ಕೈ ನಡುಗುತ್ತಿದ್ದುದರಿಂದ ಒಂದು ಸಲ ತಟ್ಟಿದ್ದು ಮೂರು ಸಲ ಆಯಿತು. ಹಸಿರು ಒಂದೇ ಸಮನಾಗಿ ಬೀಳದೆ ಅಲ್ಲಿ ದಪ್ಪ, ಇಲ್ಲಿ ತೆಳು ಆಗಿ, ಕಪ್ಪೆಯ ಚರ್ಮದಂತೆ ಒರಟೊರಟಾಗಿ ಕೂತಿತು. ಅವನು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡ. ತನ್ನ ಒಳ್ಳೆಯ ದಿನಗಳಲ್ಲಿ ಅಂಥ ಚರ್ಮ ತರಲು ಅವನಿಗೆ ನಾಲ್ಕು ಪದರ ಬೇಕಾಗುತ್ತಿತ್ತು.

"ನಡುಗಲಿ ಬಿಡು," ಅಂದಳು ಬೆರಿಲ್. "ಕೈಯೇ ಕೆಲಸ ಮಾಡ್ತಾ ಇದೆ, ನೀನು ಸುಮ್ನೆ ಕೂತಿರು."

ಮುಂದಿನದು ಇನ್ನೂ ಅಧ್ವಾನದ ಕೆಲಸ. ಮರದ ನೆಲಕ್ಕೆ ಬಳಿಯುವ ಕಡುಕಂದು ವಾರ್ನಿಷನ್ನು ಜಾಮ್ ಬಾಟಲಿಗೆ ಸುರಿದು, ಗಾಬ್ಲಿನ್ ಕಾಲನ್ನು ಕೂದಲಿನ ಕ್ಲಿಪ್ಪಿನಲ್ಲಿ ಕಚ್ಚಿಸಿ, ತಲೆಕೆಳಗಾಗಿ ಮುಳುಗಿಸಿ ಎತ್ತುವುದು. ಕ್ಲಬ್ಬಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಹೆಡ್ಲಿ ಅವನ ಜೊತೆ ಮಾತು ಬಿಡುತ್ತಿದ್ದ. ಈಗ ಅವನೇ ಮೊದಲನೆಯದನ್ನು ಮುಳುಗಿಸಿದ. ಹೆಚ್ಚಾದದ್ದನ್ನು ಕೊಡವಲು ಅವನ ಕೈಗೆ ಬೇರೆ ಶ್ರಮವೇ ಬೇಕಾಗಲಿಲ್ಲ.

"ಈಗ ಒರೆಸು," ಅಂದಳು. "ಹಚ್ಚೋಕಲ್ವಾ ಕೈ ನಿಲ್ಬೇಕಾದ್ದು? ಒರೆಸೋಕೆ ಬೇಡ. ಮೂಗು, ಗಲ್ಲ, ಮೊಣಕಾಲು, ಉಬ್ಬಿರೋದನ್ನೆಲ್ಲ ಒರೆಸಿಬಿಡು. ತಗ್ಗಲ್ಲಿರೋದು ಅಲ್ಲೇ ಇರ್ಲಿ."

ಒರೆಸಿದ ಕಡೆ ಹಸಿರು ಮೇಲೆ ಬಂತು. ಸುಕ್ಕಿನಲ್ಲಿ, ಬಾಯಿಯ ಮೂಲೆಯಲ್ಲಿ, ಕಣ್ಣಿನ ಗುಳಿಯಲ್ಲಿ ಕಂದು ನಿಂತು ನೆರಳಾಯಿತು. ಈಟಿಯ ತುದಿ ಒರೆಸಿದರೆ ಬರೀ ಸೀಸವೇ ಹೊಳೆಯಿತು, ಮಸೆದ ಕಬ್ಬಿಣದಂತೆ. ಬೆರಿಲ್ ಕಣ್ಣಿನ ರೆಪ್ಪೆಗೆ ಹಚ್ಚುವ ಕಂದುಗೆಂಪು ಪುಡಿಯನ್ನು ಬೆರಳಿನಲ್ಲಿ ತೆಗೆದು ಗುರಾಣಿಗೆ ಉಜ್ಜಿದಳು, ತುಕ್ಕು ಹಿಡಿದಂತಾಯಿತು.

"ಕಣ್ಣು?" ಅಂದ ಹೆಡ್ಲಿ. ಅವನ ದನಿ ಸಣ್ಣದಾಗಿತ್ತು. "ಕಣ್ಣು ಬರೀಲೇಬೇಕಲ್ಲ."

"ಯಾಕೆ? ನೀನು ಮೇಜಿನ ಆಚೆ ನಿಂತು ಆಡ್ತೀಯಾ, ಇಲ್ಲ ಇವರಿಗೆ ಮುತ್ತು ಕೊಡ್ತೀಯಾ? ಎರಡು ಹೆಜ್ಜೆ ಹಿಂದೆ ಹೋಗಿ ನೋಡು."

ಅವನು ಎದ್ದು ಬಾಗಿಲವರೆಗೆ ಹೋಗಿ ತಿರುಗಿ ನೋಡಿದ. ಕಿಟಕಿಯ ಮಧ್ಯಾಹ್ನದ ಬೆಳಕಿನಲ್ಲಿ ಗಾಬ್ಲಿನ್ ಅವನನ್ನೇ ಓರೆಗಣ್ಣಿನಲ್ಲಿ ನೋಡುತ್ತಿತ್ತು. ಗುಳಿಯಲ್ಲಿದ್ದದ್ದು ಬರೀ ನೆರಳು.

ಗುರುವಾರ, ಶುಕ್ರವಾರ ಅವಳು ಕೆಲಸ ಮುಗಿಸಿ ಸಂಜೆ ಚಹಾದ ಹೊತ್ತಿಗೆ ಬರುತ್ತಿದ್ದಳು. ಬರುವಷ್ಟರಲ್ಲಿ ಅವನು ಹಗಲೆಲ್ಲ ಕೂತು ಹತ್ತು ಹನ್ನೆರಡು ಮುಗಿಸಿರುತ್ತಿದ್ದ. ಎರಡು ವರ್ಷದಿಂದ ಅವನು ಮೇಜಿನ ಮುಂದೆ ಹಾಗೆ ಮೈಮರೆತು ಕೂತಿರಲಿಲ್ಲ. ಶನಿವಾರ ಬೆಳಿಗ್ಗೆ ಹತ್ತಿಯಲ್ಲಿ ಟೋಪಿಗಳ ವ್ಯಾಸಲೀನ್ ಒರೆಸಿದರು. ಕಂದು ಕೊಳೆ ಅದರ ಜೊತೆಗೇ ಜಾರಿ ಬಂತು. ಒಂದೊಂದೇ ಟೋಪಿ ಹೊಳೆಯುತ್ತ ಹೊರಬಂತು. ಕೊನೆಯದನ್ನು ಒರೆಸಿದ ಮೇಲೆ ಬೆರಿಲ್ ತನ್ನ ಬರಿಯ ಉಗುರುಗಳನ್ನು ಅದರ ಪಕ್ಕ ಹಿಡಿದು ನೋಡಿಕೊಂಡಳು.

"ಕಳ್ಳ ನನ್ಮಗ," ಅಂದಳು. "ಚೆನ್ನಾಗಿ ಒಪ್ತಿತ್ತು ನನಗೆ."

ಹೆಡ್ಲಿಗೆ ಏನೋ ಹೇಳಬೇಕಿತ್ತು. "ಚಹಾ ಆರ್ತಾ ಇದೆ," ಅಂದ.

ಗಣಿ ಕಾರ್ಮಿಕರ ಹಳೆಯ ಭವನದ ಮಹಡಿಯ ಮೇಲೆ ಕ್ಲಬ್ಬು. ಭಾನುವಾರ ಹನ್ನೊಂದಕ್ಕೆ ಎಲ್ಲರೂ ಸೇರಿದ್ದರು. ಕಾರ್ಯದರ್ಶಿ ನಾರ್ಮನ್ ಪಿಗ್ಗಿನ್ ಸ್ನಾನಕ್ಕೆ ಹೋಗುವಾಗಲೂ ನಿಯಮದ ಪುಸ್ತಕ ಬಿಟ್ಟು ಹೋಗುವವನಲ್ಲ. ಅವನು ಭೂತಗನ್ನಡಿ ಹಿಡಿದು ಗಾಬ್ಲಿನ್‌ಗಳ ಸಾಲಿನ ಮುಂದೆ ಬಗ್ಗಿದ. ವಿಲ್ಫ್‌ನ ಹುಡುಗರು ಮೇಜಿಗೋ, ಮೂಸೆಗೋ ಎಂಬುದು ಈ ಮನುಷ್ಯನ ಬಾಯಲ್ಲಿತ್ತು.

"ಪ್ರೈಮರ್ ಇಲ್ಲ."

"ಇಲ್ಲ," ಅಂದಳು ಬೆರಿಲ್.

"ಕಣ್ಣು ಬರೆದಿಲ್ಲ."

"ನಿದ್ದೆಗೆಟ್ಟಿದಾರೆ. ನಿನ್ನಿಂದ. ನೀನು ಅರ್ಧ ಹೇಳಿದ್ದಕ್ಕೆ ಎಂಟು ದಿನ ಯಾರೂ ಮಲಗಿಲ್ಲ."

"ಇದೇನು ವಾಸನೆ? ಏನೋ... ಬ್ಯೂಟಿ ಪಾರ್ಲರ್ ಹಾಗೆ?"

ಯಾರೋ ಹಿಂದೆ ಕಿಸಕ್ಕೆಂದರು. ನಾರ್ಮನ್ ಸೊಂಟ ನೆಟ್ಟಗೆ ಮಾಡಿ ಹೆಡ್ಲಿಯ ಕಡೆ ತಿರುಗಿದ. "ಇದು ನೀನು ಮಾಡಿದ್ದಾ ಹೆಡ್ಲಿ? ನಿನ್ನ ಕೈ ಕೆಲಸದ ಹಾಗಿಲ್ಲ."

ಹೆಡ್ಲಿ ಎರಡೂ ಕೈಗಳನ್ನು ಜೇಬಿನಿಂದ ಹೊರತೆಗೆದು ಎಲ್ಲರಿಗೂ ಕಾಣುವಂತೆ ಮುಂದೆ ಚಾಚಿದ. ಬೆರಳುಗಳು ಗಾಳಿಗೆ ಸಿಕ್ಕ ಎಲೆಯಂತೆ ಅಲುಗಿದವು.

"ಈಗ ನನ್ನ ಕೈ ಕೆಲಸ ಇದೇ," ಅಂದ. "ಬೆರಿಲ್ ಹೇಳಿಕೊಟ್ಟದ್ದು. ಸ್ಪಂಜು, ವಾರ್ನಿಷು, ವ್ಯಾಸಲೀನು. ಟೋಪಿ ಮಾತ್ರ ವಿಲ್ಫ್ ಹಚ್ಚಿದ್ದು, ಅದನ್ನ ಮುಟ್ಟಿಲ್ಲ. ಮೂರು ಬಣ್ಣ ಇರ್ಬೇಕು ಅಂತಷ್ಟೇ ನಿಯಮ. ನಾನೇ ಬರೆದದ್ದು. ಎಣಿಸ್ಕೋ."

ನಾರ್ಮನ್ ಆ ಕೈಗಳನ್ನು ನೋಡಿದ. ಆಮೇಲೆ ಬಗ್ಗಿ ಎಣಿಸಿದ. "ಹಸಿರು. ಕಂದು." ಟೋಪಿಯ ಹತ್ತಿರ ಬಂದಾಗ ಅವನ ಭೂತಗನ್ನಡಿ ತುಸು ನಿಂತಿತು. ಅವನೂ ವಿಲ್ಫ್‌ನ ಜೊತೆ ಇಪ್ಪತ್ತು ವರ್ಷ ಆಡಿದವನು. "ಕೆಂಪು. ಮೂರು. ಸರಿಯಾಗಿದೆ ಮಾರಾಯ. ಮೇಜಿನ ಮೇಲೆ ನಿಲ್ಸಿ."

ಯುದ್ಧ ಒಂದು ಗಂಟೆ ಕೂಡ ನಡೆಯಲಿಲ್ಲ. ಬೆರಿಲ್‌ಗೆ ನಿಯಮ ಒಂದೂ ಗೊತ್ತಿರಲಿಲ್ಲ. ಹೆಡ್ಲಿ ತನ್ನ ಕುದುರೆ ಸವಾರರನ್ನು ನಡೆಸುತ್ತಲೇ ಮೇಜಿನ ಆಚೆಗೆ ಬಗ್ಗಿ ಅವಳಿಗೂ ಹೇಳಿಕೊಡುತ್ತಿದ್ದ. ಅವಳು ಕೇಳುತ್ತಿರಲಿಲ್ಲ. "ಎಲ್ಲರೂ ಹೋಗಿ! ಒಟ್ಟಿಗೇ ಹೋಗಿ! ಏನು ನೋಡ್ತಾ ನಿಂತಿದೀರಿ?" ಎಂದು ಅರವತ್ತೆರಡನ್ನೂ ಮೇಜಿನ ಮೇಲಿನ ಬೆಟ್ಟದಿಂದ ಇಳಿಸಿಬಿಟ್ಟಳು. ಕುದುರೆಗಳು ನುಗ್ಗಿದವು. ಸೈನ್ಯ ನಿಲ್ಲುತ್ತದೋ ಓಡುತ್ತದೋ ತೀರ್ಮಾನಿಸುವ ಧೈರ್ಯದ ದಾಳ ಹಾಕು ಅಂದರು. ಹಾಕಿದಳು. ಒಂದು, ಒಂದು. ಗಾಬ್ಲಿನ್ ಸೈನ್ಯ ಪೂರ್ತಿ ಬೆನ್ನು ತಿರುಗಿಸಿ ಮೇಜಿನ ಅಂಚಿನವರೆಗೆ ಓಡಿತು.

"ಅಮ್ಮ ಪೊರಕೆ ತಗೊಂಡಾಗ ವಿಲ್ಫ್ ಓಡ್ತಾ ಇದ್ದದ್ದು ಹೀಗೇ!" ಎಂದು ಬೆರಿಲ್ ಚಪ್ಪಾಳೆ ತಟ್ಟಿದಳು. ಒಂಬತ್ತು ಜನ ಗಂಡಸರೂ ನಕ್ಕರು. ಒಂದಿಬ್ಬರು ಮೂಗು ಒರೆಸಿಕೊಂಡರು. ಮೂವತ್ತೇಳನೆಯ ಸಲ ವಿಲ್ಫ್ ಸೋತ. ಬಣ್ಣ ಉದುರದೆ ಸೋತ.

ಮೊದಲ ಬೊಂಬೆ ಮನೆಯವರಿಗೆ. ಟೋಪಿಯ ಸುತ್ತ ಕಿರೀಟವಿರುವ ನಾಯಕನನ್ನು ತಗೋ ಎಂದು ನಾರ್ಮನ್ ಮುಂದೆ ಸರಿಸಿದ. ಬೆರಿಲ್ ಸಾಲಿನಲ್ಲೆಲ್ಲ ಹುಡುಕಿ, ಕುತ್ತಿಗೆಗೆ ಕಪ್ಪು ಪಟ್ಟಿಯಿದ್ದವನನ್ನು ಎತ್ತಿಕೊಂಡಳು.

"ಇವನು ನಾನು ಹಾಳು ಮಾಡಿದವನು. ನನ್ನ ಜೊತೆಗೇ ಇರ್ಲಿ. ಶ್ರೀಮತಿ ಗೆಂಟ್‌ಗೆ ತೋರಿಸ್ಬೇಕು."

ಉಳಿದವರು ಒಬ್ಬೊಬ್ಬರಾಗಿ ಬಂದು ಒಂದೊಂದು ತೆಗೆದುಕೊಂಡರು. ಕೆಲವರು ಸ್ಪಂಜಿನ ವಿಷಯ ಕೇಳಿದರು. ನಾರ್ಮನ್ ವ್ಯಾಸಲೀನಿನ ವಿಷಯ ಚೀಟಿಯಲ್ಲಿ ಬರೆದುಕೊಂಡ, ಈ ಸಲ ಪೂರ್ತಿ. ಹೆಡ್ಲಿ ಮುಖ ಕೆಂಪು ಮಾಡಿಕೊಂಡು ಎಲ್ಲರಿಗೂ ವಿವರಿಸುತ್ತಿದ್ದ. ತಿರುಗಿ ನೋಡಿದರೆ ಬೆರಿಲ್ ಕೋಟು ಹಾಕಿಕೊಂಡು ಬಾಗಿಲು ದಾಟಿದ್ದಳು. ಕುರ್ಚಿಯ ಪಕ್ಕ ಅವಳ ಚಕ್ರದ ಪೆಟ್ಟಿಗೆ ಹಾಗೇ ನಿಂತಿತ್ತು.

ಅವನು ಮೆಟ್ಟಿಲ ತುದಿಗೆ ಓಡಿದ. ಅವಳು ಅರ್ಧ ಇಳಿದಿದ್ದಳು.

"ಬೆರಿಲ್! ಪೆಟ್ಟಿಗೆ ಬಿಟ್ಟೆ!"

"ನನ್ನ ಹತ್ರ ಇನ್ನೊಂದಿದೆ. ಅದು ನಿನಗೆ, ಒಳಗೆ ಸ್ಪಂಜು ತುಂಬಿಸಿದೀನಿ. ವ್ಯಾಸಲೀನ್ ಮುಚ್ಚಳ ಸರಿಯಾಗಿ ಹಾಕು."

"ಮುಂದಿನ ಭಾನುವಾರ ಬರ್ತೀಯಲ್ಲ? ನಿನಗೆ ನಿಯಮ ಹೇಳಿಕೊಡ್ತೀನಿ."

"ಮೊದಲೇ ಹೇಳಿದ್ನಲ್ಲ ಹೆಡ್ಲಿ. ಒಂದು ಸಲ."

ಅವಳು ಮತ್ತೆ ಇಳಿಯತೊಡಗಿದಳು. ಶನಿವಾರ ಹೇಳದೆ ಉಳಿದಿದ್ದ ಮಾತು ಹೆಡ್ಲಿಗೆ ಈಗ ಬಂತು. ಸಣ್ಣಗೆ ಅಂದ. ಅವಳು ನಿಂತು, ತಲೆ ಎತ್ತಿ, ಕಿವಿಗೆ ಕೈ ಹಿಡಿದಳು.

"ಏನಂದೆ?"

"ಥ್ಯಾಂಕ್ಸ್ ಅಂದೆ!" ಎಂದು ಅವನು ಕೂಗಿದ ಹೊಡೆತಕ್ಕೆ ಹಿಂದಿನ ಕೋಣೆಯಲ್ಲಿ ದಾಳ ಉರುಳುವ ಸದ್ದು ನಿಂತಿತು. "ನಿನ್ನಿಂದ ವಿಲ್ಫ್‌ಗೆ ಕೊಟ್ಟ ಮಾತು ಉಳೀತು ಕಣೇ! ನನ್ನ ಕೈ ಉಳೀತು! ಥ್ಯಾಂಕ್ಸ್!"

"ಕೂಗಬೇಡ," ಅಂದಳು ಬೆರಿಲ್. "ನಾನೇನು ಕಿವುಡಿಯಲ್ಲ."

ಗಾಬ್ಲಿನ್ ಇದ್ದ ಕೋಟಿನ ಜೇಬನ್ನು ಮೇಲಿನಿಂದ ಒಂದು ಸಲ ತಟ್ಟಿ ನೋಡಿಕೊಂಡು, ಕೆಳಗಿನ ಬಾಗಿಲು ತಳ್ಳಿ ಹೊರಗೆ ಹೋದಳು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಆಮೇಲೆ ಅವಳು ಆ ಮೆಟ್ಟಿಲು ಹತ್ತಲಿಲ್ಲ.